ಟಿವಿಯ ಬೆನ್ನು

ನಮ್ಮೂರಿಗೆ ಸೊಸೆಯಾಗಿ ಬರುವವಳು ಹೊಸ್ತಿಲ ಮೇಲಿನ ಸೇರನ್ನು ಒದ್ದು ಒಳಗೆ ಬರುವಾಗ ಕಂಕುಳಲ್ಲಿ ತನ್ನ ಪೆಟ್ಟಿಗೆಯನ್ನು ಅವುಚಿಕೊಂಡೇ ಬರುತ್ತಾಳೆ. ಒಡವೆ ಪೆಟ್ಟಿಗೆಯಲ್ಲ, ಟಿವಿಗೆ ಸಿಕ್ಕಿಸುವ ಪೆಟ್ಟಿಗೆ. ಅದು ಅವಳು ಹುಟ್ಟಿದ ಊರನ್ನು ಮಾತ್ರ ತೋರಿಸುತ್ತದೆ. ಆ ಊರಿನ ಚೌಕವೋ ಬಾವಿಕಟ್ಟೆಯೋ, ಈಗ ಅಲ್ಲಿ ಏನು ನಡೆಯುತ್ತಿದೆಯೋ ಅದು. ಅಲ್ಲಿ ಮಳೆ ಬಂದರೆ ನಮ್ಮ ನಡುಮನೆಯಲ್ಲಿ ಮಳೆಯ ಸದ್ದು. ಗಂಡಸರಿಗೆ ಪೆಟ್ಟಿಗೆ ಇಲ್ಲ. ಅವರು ಹುಟ್ಟಿದೂರು ಬಾಗಿಲು ತೆಗೆದರೆ ಕಾಣುತ್ತದಲ್ಲ, ಅವರಿಗೇಕೆ?

ನನ್ನ ಪೆಟ್ಟಿಗೆಯಲ್ಲಿ ನಾನು ಹುಟ್ಟಿದೂರಿನ ಚೌಕ, ಅದರ ಮಧ್ಯೆ ಒಂದು ಕಲ್ಲುಬೆಂಚು. ಸಂಜೆ ಅಂಗಡಿ ಮುಚ್ಚಿದ ಮೇಲೆ ನನ್ನಣ್ಣ ದೊಡ್ಡಸ್ವಾಮಿ ಬಂದು ಅದರ ಮೇಲೆ ಕೂರುತ್ತಾನೆ. ಕೊಡೆ ರಿಪೇರಿ ಅವನ ಕೆಲಸ. ಬೇಸಿಗೆಯಲ್ಲಿ ಪುರುಸೊತ್ತು ಹೆಚ್ಚಾಗಿ ಮಾತೂ ಹೆಚ್ಚು. ನಾನು ಅವನಿಗೆ ಕಾಣುವುದಿಲ್ಲ, ನನ್ನ ಮಾತು ಅವನಿಗೆ ಕೇಳುವುದಿಲ್ಲ. ಆದರೂ ನಾನು ಎದುರಿಗಿದ್ದೇನೆ ಎಂದೇ ಮಾತಾಡುತ್ತಾನೆ. ಯಾರ ಹಸು ಕರು ಹಾಕಿತು, ಅತ್ತಿಗೆ ಯಾವ ವಿಷಯಕ್ಕೆ ಮುನಿಸಿಕೊಂಡಿದ್ದಾಳೆ, ಹುಳಿಮಾವಿನ ಮರವನ್ನು ಯಾಕೆ ಕಡಿದರು, ಎಲ್ಲ ಹೇಳುತ್ತಾನೆ. ನಾನೂ ಉತ್ತರ ಕೊಡುತ್ತೇನೆ. ನಮ್ಮ ಯಜಮಾನರು ಬೋರಲಿಂಗಪ್ಪನವರು ಎಷ್ಟೋ ಸಲ ನಕ್ಕಿದ್ದುಂಟು. "ಅವ್ನಿಗೆ ಕೇಳ್ಸಲ್ವಲ್ಲೇ" ಎನ್ನುತ್ತಿದ್ದರು. "ನಿಮಗೆ ಕೇಳ್ಸುತ್ತೆ, ಏನ್ ಪ್ರಯೋಜನ ಆಯ್ತು?" ಎಂದು ಕೇಳಿದ ಮೇಲೆ ನಗುವುದನ್ನು ಬಿಟ್ಟರು.

ಹೋಗಿ ನೋಡಿಕೊಂಡು ಬರಬಾರದೇ ಎಂದರೆ, ಆ ಊರಿಗೆ ಬಸ್ಸಿಲ್ಲ. ನಮ್ಮದು ಅಕ್ಕಿ ಹುರಿದು ಪುರಿ ಮಾಡುವ ಭಟ್ಟಿ. ಪುರಿ ಮೂಟೆ ಒಯ್ಯಲು ಬರುವ ಸಾಬ್ಜಾನ್‌ನ ಲಾರಿಯಲ್ಲಿ, ಮೂಟೆಗಳ ಮೇಲೆ ಹತ್ತಿ ಕೂತು ಒಂದು ಹಗಲು ಹೋಗಬೇಕು. ನನ್ನ ಮೊಣಕಾಲು ಹೊಸ್ತಿಲು ದಾಟುವುದಕ್ಕೇ ಗೊಣಗುತ್ತದೆ. ಹಾಗಾಗಿ ಅಣ್ಣನೆಂದರೆ ನನಗೆ ಟಿವಿಯಲ್ಲಿ ಬರುವ ಅಣ್ಣನೇ.

ಇನ್ನು ಟಿವಿಯ ಕಟ್ಟಲೆ. ಒಂದು ಮನೆಗೆ ಒಂದೇ ಟಿವಿ, ಹೋದರೆ ಇನ್ನೊಂದು ಸಿಗುವುದಿಲ್ಲ. ಮನೆ ಕಟ್ಟುವಾಗಲೇ ಗೋಡೆಯಲ್ಲಿ ಗೂಡು ಬಿಟ್ಟು, ಟಿವಿಯನ್ನು ಕೂರಿಸಿ, ಸುತ್ತ ಗಾರೆ ಮೆತ್ತುತ್ತಾರೆ. ಬೆನ್ನ ಕಡೆಯಿಂದ ಒಂದು ವೈರು ಗೋಡೆಯ ತೂತಿನಲ್ಲಿ ಈಚೆ ಬಂದಿರುತ್ತದೆ, ಅದಕ್ಕೆ ಪೆಟ್ಟಿಗೆ ಸಿಕ್ಕಿಸುವುದು. ಟಿವಿಯ ಬೆನ್ನು ನೋಡಬಾರದು ಎಂದು ಹಿರಿಯರು ಹೇಳಿದ್ದಾರೆ, ಯಾರೂ ನೋಡಿಲ್ಲ. ರಿಮೋಟಿನಲ್ಲಿ ಒಂದು ಗುಂಡಿಯಿದೆ, ಚೌಕದ ಒಳಕ್ಕೆ ಬಾಣ ನುಗ್ಗುತ್ತಿರುವ ಚಿತ್ರ ಅದರ ಮೇಲೆ. ಅದನ್ನು ಒತ್ತಿದರೆ ಊರಿಗೆ ಊರೇ ಮಾಯವಾಗಿ ಬರೀ ನೀಲಿ ಉಳಿಯುತ್ತದೆಯಂತೆ. ಹಿಂದೆ ಯಾರೋ ಒತ್ತಿ, ಹುಟ್ಟಿದೂರು ಮುಳುಗಿಹೋಯಿತೆಂದು ಎದೆ ಬಡಿದುಕೊಂಡು ಅತ್ತರಂತೆ. ಅಂದಿನಿಂದ ಪ್ರತಿ ಮನೆಯ ರಿಮೋಟಿನಲ್ಲೂ ಆ ಗುಂಡಿಯ ಮೇಲೆ ಅರಗು ಕಾಯಿಸಿ ಬಿಟ್ಟಿರುತ್ತಾರೆ.

ಬೆಳಿಗ್ಗೆ ಮನೆಯ ಒಲೆ ಯಾರು ಹಚ್ಚುತ್ತಾರೋ ಟಿವಿಗೆ ಅವರ ಪೆಟ್ಟಿಗೆ. ಸೊಸೆ ಬಂದು ಮೊದಲ ಸಲ ಒಲೆ ಹಚ್ಚಿದ ದಿನ ಅತ್ತೆಯ ಪೆಟ್ಟಿಗೆಯನ್ನು ಕಳಚಿ, ಹಳದಿ ಬಟ್ಟೆಯಲ್ಲಿ ಕಟ್ಟಿ, ಅಟ್ಟಕ್ಕೆ ಹಾಕುತ್ತಾರೆ. ಹಾಗೆ ಇಳಿಸಿದ ಪೆಟ್ಟಿಗೆ ಬಹಳ ಕಾಲ ಉಳಿಯುವುದಿಲ್ಲ. ಹಚ್ಚದೇ ಬಿಟ್ಟರೆ ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಸದ್ದು. ವರ್ಷ ತಿರುಗುವುದರೊಳಗೆ ಇರುವೆ ಮುತ್ತಿದಂತೆ ಚುಕ್ಕಿಗಳಷ್ಟೇ ಉಳಿಯುತ್ತವೆ. ಯಾವ ಮನೆಯ ಅಟ್ಟ ಹತ್ತಿದರೂ ಹಳದಿ ಗಂಟುಗಳು ಸಾಲಾಗಿ ಕೂತಿವೆ. ಅದಕ್ಕೇ ನಮ್ಮೂರಿನಲ್ಲಿ ಮಗನ ಮದುವೆಯೆಂದರೆ ತಾಯಂದಿರು ಒಂದು ಕಣ್ಣಲ್ಲಿ ನಗುತ್ತಾರೆ, ಇನ್ನೊಂದನ್ನು ಒರೆಸಿಕೊಳ್ಳುತ್ತಾರೆ. ನನ್ನ ಮಗ ಮಾದೇಶನ ಮದುವೆಯಲ್ಲಿ ನಾನು ಮಾಡಿದ್ದೂ ಅದನ್ನೇ.

ಸೊಸೆಯ ಹೆಸರು ಇಂದ್ರಾಣಿ. ದೋಣಿಗಟ್ಟದ ಕಡೆಯವಳು. ಅವಳ ಪೆಟ್ಟಿಗೆಯಲ್ಲಿ ಹೊಳೆ, ದೋಣಿ, ದಡದ ಮೆಟ್ಟಿಲು ಕಾಣುತ್ತವೆ ಎಂದು ಅವಳೇ ಹೇಳಿದಳು. ಆ ಮೆಟ್ಟಿಲ ಮೇಲೆ ಅವಳ ತಾಯಿ ಕಡಲೆಕಾಯಿ ಪೊಟ್ಟಣ ಮಾರುತ್ತಾಳೆ. ಹುಡುಗಿ ಚುರುಕು, ಕೆಲಸದಲ್ಲಿ ಒಂದು ಮಾತು ಹೇಳುವಂತಿಲ್ಲ, ನಗುಮುಖ. ಆದರೆ ಬೆಳಿಗ್ಗೆ ಏಳುವುದಿಲ್ಲ. ನಾನು ಒಲೆ ಹಚ್ಚಿ, ಕಾಫಿ ಇಳಿಸಿ, ಭಟ್ಟಿಯ ಮರಳು ಕಾಯುವ ಹೊತ್ತಿಗೆ ಕಣ್ಣುಜ್ಜುತ್ತಾ ಬರುತ್ತಾಳೆ. "ತಡ ಆಗೋಯ್ತು ಅತ್ತೆ" ಎನ್ನುತ್ತಾಳೆ. ಮೊದಲ ವಾರ ಹೊಸಬಳು ಎಂದು ಬಿಟ್ಟೆ. ತಿಂಗಳು ಕಳೆದರೂ ಅದೇ ಹಾಡು. ಬೀದಿಗೆಲ್ಲ ಕೇಳುವ ಹಾಗೆ ಬೈದೆ. "ನಮ್ಮನೆ ಒಲೆಗೆ ಸೊಸೆ ಕೈ ತಾಗೋದು ನನ್ನ ತಿಥಿ ದಿನಾನೇ ಇರ್ಬೇಕು" ಎಂದೆ. ನಿಜ ಹೇಳುತ್ತೇನೆ, ಬೈದು ಒಳಗೆ ಬಂದು ಟಿವಿಯ ಕೆಳಗಿದ್ದ ನನ್ನ ಪೆಟ್ಟಿಗೆಯ ದೀಪ ನೋಡಿದರೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಈ ಸೋಮಾರಿ ಹೀಗೇ ಮಲಗಲಿ ಎಂದು ದೇವರಿಗೆ ಕೈಮುಗಿದಿದ್ದೂ ಉಂಟು.

ಒಂದು ಬೆಳಿಗ್ಗೆ ಭಟ್ಟಿಗೆ ಹೋದವಳು ಬೆಂಕಿಪೊಟ್ಟಣ ಮರೆತು ಮನೆಗೆ ವಾಪಸು ಬಂದೆ. ಇಂದ್ರಾಣಿಯ ಕೋಣೆಯ ಬಾಗಿಲು ಓರೆಯಾಗಿತ್ತು. ಹುಡುಗಿ ಸ್ನಾನ ಮುಗಿಸಿ, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದಾಳೆ. ತೊಡೆಯ ಮೇಲೆ ಅವಳ ಪೆಟ್ಟಿಗೆ. ನನ್ನ ಹೆಜ್ಜೆ ಕೇಳಿದ್ದೇ ತಡ, ಪೆಟ್ಟಿಗೆಯನ್ನು ದಿಂಬಿನ ಕೆಳಗೆ ತುರುಕಿ, ಮುಸುಕು ಹಾಕಿ ಮಲಗಿ ಗೊರಕೆ ಬೇರೆ ಶುರು ಮಾಡಿದಳು. ನಮ್ಮ ಯಜಮಾನರ ಗೊರಕೆ ಕೇಳಿ ಬಾಳಿದವಳು ನಾನು, ಸುಳ್ಳು ಗೊರಕೆ ನನಗೆ ಗೊತ್ತಾಗದೇ? ಹೋಗಿ ಮುಸುಕು ಎಳೆದೆ.

"ಏನವ್ವ ಇದು ನಾಟಕ?"

ಅವಳು ಎದ್ದು ಕೂತು ಕಾಲಿನ ಉಂಗುರ ನೋಡುತ್ತಾ, "ನಾನು ಒಲೆ ಹಚ್ಚಿದ್ರೆ ನಿಮ್ಮಣ್ಣ ಹೊಂಟೋಯ್ತಾರಲ್ಲ ಅತ್ತೆ" ಎಂದಳು.

ಎಷ್ಟು ಬೈದಿದ್ದೆ. ಅವಳು ಒಂದು ದಿನವೂ ಎದುರಾಡಿರಲಿಲ್ಲ. ಅವಳ ಪಕ್ಕ ಕೂತು ದಿಂಬಿನ ಕೆಳಗಿಂದ ಪೆಟ್ಟಿಗೆಯನ್ನು ತೆಗೆದೆ. "ಬಾ, ಸಿಕ್ಕಿಸಿ ನೋಡಾಣ" ಎಂದೆ. ನನ್ನದನ್ನು ಕಳಚಿ ಅವಳದನ್ನು ಸಿಕ್ಕಿಸಿದೆವು. ಹೊಳೆ ಬಂತು, ಆದರೆ ಬಣ್ಣ ಆಗಲೇ ಹೋಗಿತ್ತು. ಬೂದಿ ಬಣ್ಣದ ನೀರು, ಬೂದಿ ಬಣ್ಣದ ದೋಣಿ. ಮೆಟ್ಟಿಲ ಮೇಲೆ ಬೂದಿ ಬಣ್ಣದ ಸೀರೆಯ ಹೆಂಗಸು ಪೊಟ್ಟಣ ಕಟ್ಟುತ್ತಿದ್ದಳು. "ನಮ್ಮವ್ವ" ಎಂದಳು ಇಂದ್ರಾಣಿ. ಸೀರೆ ಯಾವ ಬಣ್ಣ ಎಂದು ಕೇಳಿದೆ. ಅವಳಿಗೆ ಅಳು ಬಂತು, ನನಗೂ ಬಂತು. ಇಬ್ಬರಲ್ಲಿ ಒಬ್ಬರು ಕಳೆದುಕೊಳ್ಳಲೇಬೇಕು ಎಂದು ಯಾವ ಪುಣ್ಯಾತ್ಮ ಮಾಡಿಟ್ಟನೋ ಎಂದು ಹೊಟ್ಟೆ ಉರಿಯಿತು. ಅಳುವುದನ್ನು ಬಿಟ್ಟು ಸಿಟ್ಟು ಮಾಡಿಕೊಂಡೆ. ಸಿಟ್ಟು ಬಂದರೆ ನನಗೆ ತಲೆ ಓಡುತ್ತದೆ.

ಆ ದಿನ ಅತ್ತೆ ಸೊಸೆ ಸೇರಿ ಮಾಡಿದ ಮೊದಲ ಪ್ರಯೋಗ ಎರಡು ಪೆಟ್ಟಿಗೆಯ ವೈರನ್ನೂ ಸುಲಿದು, ಜಡೆ ಹೆಣೆದಂತೆ ಹೆಣೆದು, ಗೋಡೆಯಿಂದ ಬಂದ ಒಂದೇ ವೈರಿಗೆ ಕಟ್ಟಿದ್ದು. ಟಿವಿ ಹಚ್ಚಿದರೆ ಎರಡು ಊರೂ ಒಟ್ಟಿಗೇ ಬಂದವು, ಒಂದರ ಮೇಲೊಂದು. ಹೊಳೆಯ ನಡುವೆ ನಮ್ಮ ಕಲ್ಲುಬೆಂಚು. ಸಂಜೆ ಅಣ್ಣ ಬಂದು ನೀರಿನ ಮೇಲೇ ಕೂತ. ಅವನ ಹೊಟ್ಟೆಯೊಳಗಿಂದ ದೋಣಿ ಹಾದುಹೋಯಿತು, ದೋಣಿಯವರು ಬೀಡಿ ಸೇದುತ್ತಾ ಹೋದರು. ಅಣ್ಣನಿಗೆ ಇದ್ಯಾವುದೂ ಗೊತ್ತಿಲ್ಲ, ಮೂಲವ್ಯಾಧಿಗೆ ಹೊಸ ಔಷಧಿ ಶುರು ಮಾಡಿದ ಕಥೆ ಹೇಳುತ್ತಿದ್ದಾನೆ. ಅದರ ಮೇಲೆ "ಕಡಲೇಕಾಯ್, ಬಿಸಿ ಕಡಲೇಕಾಯ್" ಎಂಬ ಕೂಗು. ದನಿ ಕಡಿಮೆ ಮಾಡೋಣವೆಂದರೆ ಒಂದೇ ರಿಮೋಟಿಗೆ ಎರಡು ಪೆಟ್ಟಿಗೆಯೂ ಓಗೊಡುತ್ತವೆ, ಅಣ್ಣನನ್ನು ತಗ್ಗಿಸಿದರೆ ಕಡಲೆಕಾಯಿಯೂ ತಗ್ಗುತ್ತದೆ. ನಾವಿಬ್ಬರೂ ನಕ್ಕು ನಕ್ಕು ನೆಲಕ್ಕೆ ಕೂತೆವು. ನಕ್ಕರೂ ಇದು ಆಗುವ ಬಾಳಲ್ಲ ಎಂದು ಇಬ್ಬರಿಗೂ ಗೊತ್ತಾಗಿ, ಹೆಣಿಗೆ ಬಿಚ್ಚಿ ವೈರುಗಳನ್ನು ಮೊದಲಿನಂತೆ ಮಾಡಿದೆವು.

ಇಂದ್ರಾಣಿ ಗೋಡೆಯ ತೂತಿಗೆ ಕಣ್ಣಿಟ್ಟು ನೋಡಿದಳು. "ಅತ್ತೆ, ಟಿವಿ ಹಿಂದೆ ಏನೈತೆ?"

"ಏನಿರ್ತದೆ? ಬೆನ್ನು."

"ನೀವು ನೋಡಿದ್ದೀರಾ?"

"ಯಾರೂ ನೋಡಿಲ್ಲ ಕಣವ್ವ. ನೋಡಬಾರ್ದು."

"ಮತ್ತೆ ಒಂದೇ ವೈರು ಹಿಡೀತದೆ ಅಂತ ಹೇಳಿದ್ಯಾರು?"

ನಾನು ಬಹಳ ಯೋಚಿಸಿದೆ. ಯಾರೂ ಹೇಳಿರಲಿಲ್ಲ. ಗೋಡೆಯಿಂದ ಒಂದು ವೈರು ಬಂದಿತ್ತು, ಅಷ್ಟೇ.

ಈ ನಡುವೆ ನಾನೇ ಬೈದು ಎಬ್ಬಿಸಿದ ಗಾಳಿ ನನ್ನ ಕಡೆಗೇ ತಿರುಗಿತು. ಬೋರಲಿಂಗಪ್ಪನ ಸೊಸೆ ಇನ್ನೂ ಒಲೆ ಹಚ್ಚಿಲ್ಲ ಎಂಬ ಸುದ್ದಿ ಬೀದಿ ಯಜಮಾನ ಮುದ್ದಪ್ಪನವರ ಕಿವಿಗೆ ಬಿತ್ತು. ಅವರು ಕಟ್ಟಲೆಯ ಮನುಷ್ಯ, ಊಟಕ್ಕೆ ಕೂತರೂ ಎಲೆಯ ತುದಿ ಯಾವ ಕಡೆಗಿದೆ ಎಂದು ನೋಡಿಯೇ ಕೂರುವವರು. ಮನೆ ಬಾಗಿಲಿಗೆ ಬಂದು, ಸೋಮವಾರ ಒಳ್ಳೆಯ ದಿನ, ತಾವೇ ಮುಂದೆ ನಿಂತು ಒಲೆ ಹಚ್ಚಿಸಿ ಪೆಟ್ಟಿಗೆ ಇಳಿಸುವುದಾಗಿ ಹೇಳಿ ಹೋದರು. ಸುದ್ದಿ ಲಾರಿಯ ಸಾಬ್ಜಾನ್‌ನಿಂದ ನನ್ನಣ್ಣನಿಗೂ ಹೋಯಿತು. ಅದಾದ ಮೇಲೆ ಅವನು ಬೆಂಚಿಗೆ ಬಂದರೂ ಕತ್ತು ಎತ್ತುತ್ತಿರಲಿಲ್ಲ. ಒಂದು ಸಂಜೆ ಏನೂ ಮಾತಾಡದೆ, ಯಾರದೋ ಕೊಡೆಯ ಕಡ್ಡಿ ಬಗ್ಗಿಸುತ್ತಾ ಕೂತು ಎದ್ದುಹೋದ. ನನಗೆ ಊಟ ಸೇರಲಿಲ್ಲ.

ಸೋಮವಾರ ಬೆಳಕು ಹರಿದು ಬಿಸಿಲೇರುವ ಹೊತ್ತಿಗೆ ನಡುಮನೆ ತುಂಬ ಜನ. ಬೀದಿಯ ಹೆಂಗಸರೆಲ್ಲ ಇದ್ದರು. ಇಂಥ ದಿನ ಎಲ್ಲರೂ ಬಂದೇ ಬರುತ್ತಾರೆ, ಇಳಿಸಿಯಾದವರು ಸುಮ್ಮನೆ ನಿಲ್ಲುತ್ತಾರೆ, ಇಳಿಸಬೇಕಾದವರು ಗೋಡೆ ನೋಡುತ್ತಾರೆ. ಮುದ್ದಪ್ಪನವರ ಕೈಯಲ್ಲಿ ಮಡಿಸಿದ ಹಳದಿ ಬಟ್ಟೆ. ಅವರ ಹೆಂಡತಿ ಸಣ್ಣತಾಯಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅವಳ ಮಗನ ಮದುವೆ ಮುಂದಿನ ತಿಂಗಳು.

"ಹೋಗವ್ವ, ಒಲೆ ಹಚ್ಚು" ಎಂದರು ಮುದ್ದಪ್ಪನವರು ಇಂದ್ರಾಣಿಗೆ.

ಅವಳು ನನ್ನನ್ನು ನೋಡಿದಳು. "ಹೋಗಿ ಹಚ್ಚು ಮಗಾ, ಹೆದರ್ಬೇಡ" ಎಂದೆ. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಹೊಗೆಯ ವಾಸನೆ ಬಂತು. ಮುದ್ದಪ್ಪನವರು ಹಳದಿ ಬಟ್ಟೆ ಬಿಚ್ಚಿ ನನ್ನ ಪೆಟ್ಟಿಗೆಗೆ ಕೈ ಹಾಕಲು ಬಗ್ಗಿದರು. ನಾನು ಮೂಲೆಯಲ್ಲಿಟ್ಟಿದ್ದ ಹಾರೆಗೋಲು ತೆಗೆದುಕೊಂಡು ಟಿವಿಯ ಗೂಡಿನ ಅಂಚಿಗೆ ಒಂದೇಟು ಹಾಕಿದೆ.

ಗಾರೆ ಉದುರಿತು. ಯಾರೋ ರಾಮ ರಾಮಾ ಎಂದರು. ಮುದ್ದಪ್ಪನವರು ಬಗ್ಗಿದವರು ಬಗ್ಗಿದ ಹಾಗೇ ನಿಂತರು. "ದೇವೀರಮ್ಮ, ತಲೆ ಕೆಟ್ಟಿದ್ಯಾ? ಬೆನ್ನು ನೋಡಬಾರ್ದು. ಒಡೆದ್ರೆ ನಿಮ್ಮನೆಗೆ ಇನ್ನೊಂದು ಟಿವಿ ಇಲ್ಲ."

"ಗೊತ್ತು ಯಜಮಾನ್ರೇ. ಸ್ವಲ್ಪ ಪಕ್ಕಕ್ಕೆ ಬನ್ನಿ, ಕಣ್ಣಿಗೆ ಗಾರೆ ಬಿದ್ದೀತು" ಎಂದು ಇನ್ನೊಂದೇಟು ಹಾಕಿದೆ. ಟಿವಿ ಕೈಜಾರಿ ಬಿದ್ದರೆ ಅಣ್ಣನೂ ಇಲ್ಲ, ಹೊಳೆಯೂ ಇಲ್ಲ, ಇಬ್ಬರಿಗೂ ಖಾಲಿ ಗೋಡೆ. ಆ ಹೊತ್ತಿಗೆ ಜನರ ಮಧ್ಯದಿಂದ ನಮ್ಮ ಯಜಮಾನರು ಬಂದರು. ಬಾಳಿನುದ್ದಕ್ಕೂ ಮುದ್ದಪ್ಪನವರ ಎದುರು ಒಂದು ಕೆಮ್ಮೂ ಕೆಮ್ಮದ ಮನುಷ್ಯ. ಹೆಗಲ ಟವಲು ಸೊಂಟಕ್ಕೆ ಕಟ್ಟಿ, ಎರಡು ಕೈಯನ್ನೂ ಟಿವಿಗೆ ಕೊಟ್ಟು, "ಮೆತ್ತಗೆ ಎಬ್ಬಿಸೇ, ನಾನ್ ಹಿಡ್ಕೊಂಡಿದ್ದೀನಿ" ಎಂದರು. ಆ ಕ್ಷಣ ಅವರನ್ನು ಮದುವೆಯಾದದ್ದು ಒಳ್ಳೆಯದೇ ಆಯಿತು ಎಂದು ನನಗೆ ಮೊದಲ ಸಲ ಖಚಿತವಾಯಿತು.

ಟಿವಿ ಗೂಡಿನಿಂದ ಈಚೆ ಬಂತು. ಮಾದೇಶನೂ ಅವನಪ್ಪನೂ ಅದನ್ನು ಚಾಪೆಯ ಮೇಲೆ ಮೆಲ್ಲಗೆ ಇಳಿಸಿ ತಿರುಗಿಸಿದರು. ಹೆಂಗಸರಲ್ಲಿ ಕೆಲವರು ಕಣ್ಣು ಮುಚ್ಚಿಕೊಂಡರು. ನಾನು ಸೆರಗಿನಿಂದ ಜೇಡರ ಬಲೆ ಒರೆಸಿದೆ. ಬೆನ್ನು ಎಂದರೆ ಏನೋ ಎಂದುಕೊಂಡಿದ್ದೆವು. ಅಲ್ಲಿ ಇದ್ದದ್ದು ತೂತುಗಳು. ಒಂದರಲ್ಲಿ ನಮ್ಮ ವೈರು ಇತ್ತು. ಅದರ ಪಕ್ಕದಲ್ಲಿ ಅದೇ ಥರದ ಇನ್ನೊಂದು, ಅದರಾಚೆ ಮತ್ತೊಂದು, ಮೇಲೆ ಹೊಸ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು. ಮನೆ ಕಟ್ಟಿದಂದಿನಿಂದ ಅವು ಗೋಡೆಯ ಕಡೆ ಮುಖ ಮಾಡಿ ಕಾಯುತ್ತಾ ಕೂತಿದ್ದವು. ಯಾರೋ ಮೊದಲನೆಯ ಗಾರೆಯವನು ಒಂದು ವೈರಿಗೆ ಒಂದು ತೂತು ಕೊರೆದ, ಊರಿಗೆ ಊರೇ ಅದನ್ನು ಶಾಸ್ತ್ರ ಮಾಡಿಕೊಂಡಿತು. ನನಗೆ ಆ ಗಾರೆಯವನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಇಂದ್ರಾಣಿ ತನ್ನ ಪೆಟ್ಟಿಗೆ ತಂದಳು. ಮುಚ್ಚಳ ಕಿತ್ತು ಅದರ ವೈರನ್ನು ಕೊನೆಯ ತೂತಿಗೆ ಸಿಕ್ಕಿಸಿದಳು. ಟಿವಿಯನ್ನು ಮುಂದಕ್ಕೆ ತಿರುಗಿಸಿ ಹಚ್ಚಿದೆವು. ಖಾಲಿ ಕಲ್ಲುಬೆಂಚು ಬಂತು. ಬರೀ ನನ್ನ ಊರು.

"ನೋಡಿದ್ಯಾ" ಎಂದರು ಮುದ್ದಪ್ಪನವರು. ಅವರ ದನಿಯಲ್ಲಿ ಸಮಾಧಾನವಿತ್ತು.

ನಾನು ತಲೆಯಿಂದ ಹೇರ್‌ಪಿನ್ನು ತೆಗೆದು ರಿಮೋಟಿನ ಆ ಗುಂಡಿಯ ಮೇಲಿನ ಅರಗನ್ನು ಕೆರೆದೆ. ಅದು ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ಮುಚ್ಚಿದ್ದ ಬಾಣ ಹೊಸದರಂತೆ ಹೊಳೆಯಿತು. ಹಿಂದೆ ಯಾರೋ ಒತ್ತಿ ಅತ್ತ ಕಥೆ ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಒತ್ತಿದೆ.

ಬೆಂಚು ಹೋಯಿತು, ಚೌಕ ಹೋಯಿತು. ಟಿವಿಯ ತುಂಬ ನೀಲಿ. ನನ್ನ ಹಿಂದೆ ನಿಂತ ಯಾರೋ ಅಳುವುದಕ್ಕೆ ಶುರು ಮಾಡಿದರು. ನಾನು ಇನ್ನೊಮ್ಮೆ ಒತ್ತಿದೆ. ಹೊಳೆ ಬಂತು. ಬೂದಿ ಬಣ್ಣದ್ದೇ, ಆದರೂ ಹೊಳೆ. ನೀರಿನ ಸದ್ದು ಬಂತು, ಕಡಲೆಕಾಯಿಯ ಕೂಗು ಬಂತು. "ಅವ್ವಾ" ಎಂದು ಇಂದ್ರಾಣಿ ಬಾಯಿಗೆ ಕೈ ಅಡ್ಡ ಹಿಡಿದಳು. ಮತ್ತೆ ಒತ್ತಿದೆ, ಕಲ್ಲುಬೆಂಚು. ಒತ್ತಿದೆ, ನೀಲಿ. ಈ ಸಲ ಯಾರೂ ಅಳಲಿಲ್ಲ. ಒತ್ತಿದೆ, ಹೊಳೆ. ಯಾವ ಊರೂ ಮುಳುಗಿರಲಿಲ್ಲ. ಆ ನೀಲಿ ಎಂದರೆ ಇನ್ನೂ ಯಾರೂ ಬಂದು ಸೇರದ ತೂತು, ಅಷ್ಟೇ. ನನಗೆ ನಗು ತಡೆಯಲಾಗಲಿಲ್ಲ. ಆಟದ ಸಾಮಾನು ಸಿಕ್ಕಿದ ಮಗುವಿನ ಹಾಗೆ ಒತ್ತಿದ್ದೇ ಒತ್ತಿದ್ದು.

ಮತ್ತೊಮ್ಮೆ ನನ್ನ ಊರು ಬಂದಾಗ ಬೆಂಚಿನ ಮುಂದೆ ಅಣ್ಣ ನಿಂತಿದ್ದ. ಬೆಳಗಿನ ಹೊತ್ತು ಅವನು ಯಾವತ್ತೂ ಬಂದವನಲ್ಲ. ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಕ್ರಾಪು ತೆಗೆದು ನಿಂತಿದ್ದ. ಕೈ ಮುಗಿದ. "ದೇವೀ, ಇವತ್ತು ನಿನ್ನ ಪೆಟ್ಟಿಗೆ ಇಳಿಸ್ತಾರಂತೆ. ಇಳಿಸೋಕ್ ಮುಂಚೆ ಒಂದ್ಸಲ ಮುಖ ತೋರ್ಸಾಣ ಅಂತ ಬಂದೆ. ಚೆನ್ನಾಗಿರವ್ವ" ಎಂದ. ಬೀದಿಯ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು. ನಾನು ಅಳುತ್ತಾ ನಗುತ್ತಾ ಟಿವಿಗೆ ಬೈದೆ. "ಅಯ್ಯೋ ಮಂಕೇ, ಎಲ್ಲಿಗೂ ಹೋಗಿಲ್ಲ ಕಣೋ ನಾನು. ನಾಳೆ ಬಾ, ನಾಳಿದ್ದೂ ಬಾ." ಅವನಿಗೆ ಕೇಳಲಿಲ್ಲ. ಕಣ್ಣೊರೆಸಿಕೊಂಡು ಹೊರಟುಹೋದ.

ಮುದ್ದಪ್ಪನವರು ಗಂಟಲು ಸರಿಮಾಡಿಕೊಂಡರು. "ಒಂದು ಮನೆಗೆ ಒಂದು ಅಂತ ಕಟ್ಟಲೆ ಇದೆ ದೇವೀರಮ್ಮ."

"ಒಂದು ಮನೆಗೆ ಒಂದು ಟಿವಿ ಅಂತ ಇದೆ. ಒಂದೇ ಇದೆ ನೋಡಿ. ಒಲೆ ಹಚ್ಚಿದವಳ ಪೆಟ್ಟಿಗೆ ಟಿವಿಗೆ ಅಂತ ಇದೆ. ಸೊಸೆ ಇವತ್ತು ಹಚ್ಚಿದ್ದಾಳೆ, ನೀವೇ ಹಚ್ಚಿಸಿದ್ದು. ಅವಳ ಪೆಟ್ಟಿಗೆ ಟಿವಿಗಿದೆ. ನಾನು ಇಷ್ಟು ವರ್ಷ ಹಚ್ಚಿದ್ದೀನಿ, ನಂದೂ ಇದೆ. ಯಾವ ಕಟ್ಟಲೆ ಮುರೀತು, ಹೇಳಿ."

ಅವರು ಟಿವಿ ನೋಡಿದರು, ಒಡೆದ ಗೋಡೆ ನೋಡಿದರು, ಕೈಯಲ್ಲಿದ್ದ ಹಳದಿ ಬಟ್ಟೆ ನೋಡಿದರು. ಆಗ ಬಾಗಿಲ ಸಂದಿಯಿಂದ ಸಣ್ಣತಾಯಮ್ಮ ಮುಂದೆ ಬಂದಳು. ಗಂಡನ ಕೈಯಿಂದ ಆ ಬಟ್ಟೆಯನ್ನು ತೆಗೆದುಕೊಂಡು ನನ್ನ ಟಿವಿಯ ಮೇಲಿನ ಗಾರೆಯ ಧೂಳನ್ನೆಲ್ಲ ಅದರಿಂದಲೇ ಒರೆಸಿದಳು. ಒರೆಸಿ ಮುಗಿದ ಮೇಲೆ, "ಮನೆಗೆ ನಡೀರಿ. ನಾನು ಗೋಡೆ ಒಡೀಬೇಕು, ನೀವು ಟಿವಿ ಹಿಡ್ಕೋಬೇಕು" ಎಂದಳು. ಮುದ್ದಪ್ಪನವರು ಹೊರಟರು. ನನ್ನ ಹಾರೆಗೋಲನ್ನು ಅವಳು ಕೇಳದೆಯೇ ಎತ್ತಿಕೊಂಡು ಹೋದಳು. ಅದು ಮೂರು ಬೀದಿ ತಿರುಗಿ ನಮ್ಮ ಮನೆಗೆ ವಾಪಸು ಬಂದಾಗ ತುದಿ ಸವೆದು ಮೊಂಡಾಗಿತ್ತು.

ಸಾಬ್ಜಾನ್‌ನಿಗೆ ಎರಡು ಊರಿಗೂ ಸುದ್ದಿ ಮುಟ್ಟಿಸು ಎಂದು ಹೇಳಿ, ಒಂದು ಚೀಲ ಬಿಸಿ ಪುರಿ ಕೊಟ್ಟು ಕಳಿಸಿದೆ. ಈಗ ಮನೆಯ ಒಲೆ ಇಂದ್ರಾಣಿಯದು. ಅವಳ ಹೊಳೆಗೆ ನಿಧಾನವಾಗಿ ಬಣ್ಣ ಬರುತ್ತಿದೆ, ಮೊದಲು ಬಂದದ್ದು ಅವಳವ್ವನ ಸೀರೆಗೆ. ಗಿಣಿ ಹಸಿರು. ಒಂದು ಪೆಟ್ಟಿಗೆಯ ದನಿ ಏರಿಸುವಾಗ ಇನ್ನೊಂದರ ಮೇಲೆ ಟವಲು ಮುಚ್ಚಿದರೆ ಅದು ರಿಮೋಟಿಗೆ ಓಗೊಡುವುದಿಲ್ಲ ಎಂದೂ ಕಂಡುಕೊಂಡಿದ್ದೇವೆ. ಸುದ್ದಿ ಕಳಿಸಿದ ಮೇಲೆ ಎರಡು ಸಂಜೆ ಬೆಂಚು ಖಾಲಿಯಿತ್ತು. ಮೂರನೆಯ ಸಂಜೆ ನಾನು ಭಟ್ಟಿಯಲ್ಲಿ ಪುರಿ ಜರಡಿ ಹಿಡಿಯುತ್ತಿದ್ದೆ, ಮನೆಯಿಂದ ಇಂದ್ರಾಣಿ ಕೂಗಿದಳು. "ಅತ್ತೆ, ನಿಮ್ಮಣ್ಣ ಬಂದವ್ರೆ, ಬಿರ್ರನೆ ಬನ್ನಿ."

ಮೊಣಕಾಲಿನ ನೆಪ ಹೇಳದೆ ಓಡಿದೆ. ಅಣ್ಣ ಬೆಂಚಿನ ಮೇಲೆ ಕಾಲು ಮಡಿಸಿ ಕೂತಿದ್ದ. ಮಾಸಿದ ಬನಿಯನ್ನು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ, ಕೈತುಂಬ ಕೊಡೆಯ ಎಣ್ಣೆ. ಪಕ್ಕದಲ್ಲಿ ನಾನು ಕಳಿಸಿದ ಪುರಿ. ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಮಾತಾಡಿದ. "ಸಾಬ್ಜಾನ್ ಎಲ್ಲಾ ಹೇಳ್ದ. ಗೋಡೆ ಒಡೆದ್ಯಂತೆ. ಸರಿ, ಇನ್ನು ನಿನಗೋಸ್ಕರ ದಿನಾ ಇಸ್ತ್ರಿ ಶರ್ಟು ಹಾಕ್ಕೊಂಡು ಬರಕ್ಕಾಗಲ್ಲ ಕಣವ್ವ, ಹೆಂಗಿದ್ದೀನೋ ಹಂಗೇ ನೋಡ್ಕೊ."